ಸ್ತೂಪಗಳನ್ನು ಕಟ್ಟಿದವರು ಯಾರು? ಅಶೋಕನ ಹೆಸರು ಮತ್ತು ಶಾಸನಗಳ ಸಾಕ್ಷ್ಯ

ಪ್ರಾಚೀನ ಬೌದ್ಧ ಸ್ಮಾರಕಗಳ ಚರ್ಚೆ ಬಂದಾಗಲೆಲ್ಲ ‘ಅಶೋಕನು ಕಟ್ಟಿಸಿದ ಸ್ತೂಪ’ ಎಂಬ ಮಾತು ಸಲೀಸಾಗಿ ಬಳಕೆಯಾಗುತ್ತದೆ. ಈ ಮಾತಿನ ಆಕರ ಯಾವುದೆಂದು ಕೇಳುವವರು ವಿರಳ. ‘ಅಶೋಕಾವದಾನ’ವು ಅವನು 84,000 ಸ್ತೂಪಗಳನ್ನು ಕಟ್ಟಿಸಿದನೆನ್ನುತ್ತದೆ, ಸಿಂಹಳದ ‘ಮಹಾವಂಸ’ವು ಅಷ್ಟೇ ಸಂಖ್ಯೆಯ ವಿಹಾರಗಳನ್ನು ಹೇಳುತ್ತದೆ. 7ನೆಯ ಶತಮಾನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ತಾನು ಸಂಚರಿಸಿದೆಡೆಯ ಅನೇಕ ಸ್ತೂಪಗಳಿಗೆ ಅಶೋಕನ ಹೆಸರನ್ನೇ ಕೊಟ್ಟನು. 19ನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಆ ಪ್ರವಾಸಕಥನವನ್ನು ಕೈದೀವಿಗೆಯಾಗಿರಿಸಿಕೊಂಡು ಬೌದ್ಧ ನೆಲೆಗಳನ್ನು ಅರಸಿದರು. ಹೀಗೆ ಐತಿಹ್ಯವು ಪುರಾತತ್ತ್ವದ ಪರಿಭಾಷೆಯೊಳಗೆ ನೆಲೆಯೂರಿತು.

ಅಶೋಕನದೇ ಶಾಸನಗಳು ಈ ವಿಷಯದಲ್ಲಿ ಮಿತಭಾಷಿಯಾಗಿವೆ. ಇಂದಿನ ನೇಪಾಳದ ನಿಗಾಲಿ ಸಾಗರದ ಸ್ತಂಭಶಾಸನವು, ಪಟ್ಟಾಭಿಷೇಕವಾಗಿ 14 ವರ್ಷಗಳಾದಾಗ ಅವನು ಕನಕಮುನಿ ಬುದ್ಧನ ಸ್ತೂಪವನ್ನು ಇಮ್ಮಡಿಯಾಗಿ ಹಿಗ್ಗಿಸಿದನೆಂದು ತಿಳಿಸುತ್ತದೆ. ಎರಡನೆಯ ಬಾರಿ ಹಿಗ್ಗಿಸಿದನೆಂದು ಅರ್ಥೈಸಿದವರೂ ಉಂಟು. ಅರ್ಥ ಯಾವುದೇ ಆಗಲಿ, ಆ ಸ್ತೂಪ ಅವನಿಗಿಂತ ಮೊದಲೇ ಇತ್ತೆಂಬುದು ಸ್ಪಷ್ಟ. ಸಾಮ್ರಾಟನು ಇಲ್ಲಿ ಆದ್ಯ ನಿರ್ಮಾಪಕನಲ್ಲ, ನಡೆದುಬಂದ ಆರಾಧನಾ ಪರಂಪರೆಯೊಂದರ ಪೋಷಕ.

ಸಾಂಚಿಯ ಮಹಾಸ್ತೂಪದ ಒಳಗಿನ ಇಟ್ಟಿಗೆಯ ಭಾಗ ಅಶೋಕನ ಕಾಲದ್ದೆಂದು ವಿದ್ವಾಂಸರು ಒಪ್ಪುತ್ತಾರೆ. ಅವನ ಸ್ತಂಭವೂ ಅಲ್ಲಿದೆ. ಆದರೆ ಇಂದು ಕಣ್ಣಿಗೆ ಕಾಣುವ ಕಲ್ಲಿನ ಹೊದಿಕೆ, ಕಟಾಂಜನ, ತೋರಣಗಳು ಅನಂತರದ ಶತಮಾನಗಳ ಕೆಲಸ. ಅಲ್ಲಿನ ನೂರಾರು ದಾನಶಾಸನಗಳಲ್ಲಿ ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಶ್ರೇಷ್ಠಿಗಳು ತಮ್ಮ ಹೆಸರು, ಊರುಗಳನ್ನು ಬರೆಯಿಸಿದ್ದಾರೆ. ದಕ್ಷಿಣ ತೋರಣದಲ್ಲಿ ವಿದಿಶೆಯ ದಂತಕಾರರ ದಾನವಿದೆ. ಶಾತಕರ್ಣಿ ರಾಜನ ಶಿಲ್ಪಿಗಳ ಮುಖ್ಯಸ್ಥ ಆನಂದನ ದಾನವೂ ಇದೆ. ಇಷ್ಟು ಜನರ ಕಾಣಿಕೆಯನ್ನು ಒಬ್ಬ ದೊರೆಯ ಲೆಕ್ಕಕ್ಕೆ ಬರೆಯುವುದು, ಕಲ್ಲಿನ ಮೇಲಿರುವ ಬರಹವನ್ನು ಓದದೆ ಬಿಟ್ಟಂತೆಯೇ ಸರಿ.

ಈ ಪ್ರಶ್ನೆ ಕನ್ನಡದ ಅಧ್ಯಯನಕ್ಕೂ ಹೊರಗಿನದಲ್ಲ. ಭೀಮಾತೀರದ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಅಶೋಕನ ಶಾಸನದ ಚಪ್ಪಡಿಯು ಕಾಳಿಯ ವಿಗ್ರಹಕ್ಕೆ ಪೀಠವಾಗಿ ದೊರೆಯಿತು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಉತ್ಖನನವು ಮಹಾಚೈತ್ಯವೊಂದನ್ನು ಬೆಳಕಿಗೆ ತಂದಿತು. ಅಲ್ಲಿನ ಫಲಕವೊಂದರಲ್ಲಿ ಅಶೋಕನ ಶಿಲ್ಪವಿದೆ, ಅವನ ಹೆಸರಿನ ಬರಹವೂ ಇದೆ. ಆದರೆ ಆ ಶಿಲ್ಪ ಅವನ ಸಮಕಾಲೀನವಲ್ಲ. ಸಾತವಾಹನರ ಕಾಲದ ಜನ ಉಳಿಸಿಕೊಂಡ ನೆನಪು. ಅದೇ ಚೈತ್ಯದ ಪ್ರಾಕೃತ ಬರಹಗಳಲ್ಲಿ ಸಾತವಾಹನ ಅರಸರ ಹೆಸರುಗಳ ಜೊತೆಗೆ ದಾನಿಗಳ ಹೆಸರುಗಳೂ ಇವೆ. ಈ ಬರಹಗಳ ಸಮಗ್ರ ಸಂಪುಟ 2014ರಲ್ಲಿ ಹೊರಬಂದುದು ಆಸ್ಕರ್ ಫಾನ್ ಹಿನ್ಯೂಬರ್ ಮತ್ತು ನಕಾನಿಶಿ ಅವರಿಂದ, ಇಂಗ್ಲಿಷಿನಲ್ಲಿ.

ಕನ್ನಡ ವಿಭಾಗಗಳ ಶಾಸನಪಾಠ ಸಾಮಾನ್ಯವಾಗಿ ಹಲ್ಮಿಡಿಯಿಂದ ಆರಂಭವಾಗುತ್ತದೆ. ಭಾಷೆಯ ಚರಿತ್ರೆಗೆ ಅದು ಸಹಜ. ನಾಡಿನ ಸಾಮಾಜಿಕ ಚರಿತ್ರೆಗೆ ಸಾಲದು. ಹಲ್ಮಿಡಿಗಿಂತ ಶತಮಾನಗಳಷ್ಟು ಹಿಂದೆ ಈ ನೆಲದಲ್ಲಿ ದಾನವಿತ್ತವರ ಹೆಸರುಗಳು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಉಳಿದಿವೆ. ಆ ಲಿಪಿ, ಆ ಭಾಷೆಗಳ ಪ್ರಾಥಮಿಕ ಶಿಕ್ಷಣವಾದರೂ ಸ್ನಾತಕೋತ್ತರ ಪಠ್ಯದಲ್ಲಿ ಸೇರಬೇಕು. ಇಲ್ಲವಾದರೆ ಕನ್ನಡದ ಸಂಶೋಧಕ ಪರರ ಅನುವಾದವನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ. ಇದರಿಂದ ಅಶೋಕನ ಹಿರಿಮೆಗೆ ಕುಂದೇನೂ ಇಲ್ಲ. ಸ್ತೂಪಗಳ ಸಂಖ್ಯೆಯಿಂದ ತನ್ನನ್ನು ಅಳೆಯಬೇಕೆಂದು ಅವನ ಶಾಸನಗಳು ಎಲ್ಲಿಯೂ ಕೇಳಿಲ್ಲ.