ಕೈಕಟ್ಟಿ ಕೂರದ ಗಿಡ

ಮುಂಬಯಿಯ ಕಾಂದಿವಲಿಯಂಥ ಉಪನಗರದ ಬಾಲ್ಕನಿಯಲ್ಲಿ ಮಳೆನೀರು ತಗಲದ ಕುಂಡದ ಗುಲಾಬಿ, ದಾಸವಾಳಗಳ ಎಲೆಯ ಮೇಲೆ ಸಣ್ಣ ಬಿಳಿಚುಕ್ಕೆ, ಅಡಿಯಲ್ಲಿ ತೆಳುಬಲೆ ಕಂಡರೆ ಅದು ಬಹುತೇಕ ಜೇಡನುಸಿಯ ಕೆಲಸ. ಅರ್ಧ ಮಿಲಿಮೀಟರಿನಷ್ಟು ಮೈ, ಎಂಟು ಕಾಲು. ಕೀಟವಲ್ಲ, ಜೇಡನ ಬಳಗ. ಕಂಡ ಕೂಡಲೇ ನಮ್ಮ ಕೈ ಕೀಟನಾಶಕದ ಬಾಟಲಿಗೆ ಹೋಗುತ್ತದೆ. ಕದಲಲಾರದ ಗಿಡಕ್ಕೆ ನಾವೇ ಗತಿ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಗೆ ಆಧಾರವಿಲ್ಲ. ನುಸಿ ತನ್ನ ಸೂಜಿಬಾಯಿಯನ್ನು ಎಲೆಯೊಳಕ್ಕೆ ತೂರಿಸಿ ಒಂದೊಂದೇ ಜೀವಕೋಶವನ್ನು ಹೀರುವಾಗ, ಅದರ ಜೊಲ್ಲಿನ ಕೆಲವು ಪ್ರೋಟೀನುಗಳನ್ನು ಗಿಡ ಗುರುತು ಹಿಡಿಯುತ್ತದೆ. ಆಗ ಜಾಸ್ಮೋನಿಕ್ ಆಮ್ಲವೆಂಬ ಹಾರ್ಮೋನು ತಯಾರಾಗುತ್ತದೆ. ಉಳಿದ ದಿನಗಳಲ್ಲಿ ರಕ್ಷಣೆಯ ಜೀನುಗಳನ್ನು ಅದುಮಿಟ್ಟಿರುವ ಪ್ರೋಟೀನುಗಳು ಅದರ ಪ್ರಭಾವದಿಂದ ನಾಶವಾಗುತ್ತವೆ, ಜೀನುಗಳು ಕೆಲಸಕ್ಕಿಳಿಯುತ್ತವೆ. ನುಸಿಯ ಜೀರ್ಣಕಿಣ್ವಗಳನ್ನು ಕಟ್ಟಿಹಾಕುವ ಪ್ರತಿರೋಧಕಗಳು ಎಲೆಯಲ್ಲೇ ಹುಟ್ಟುತ್ತವೆ. ಈ ಹಾರ್ಮೋನನ್ನು ಸರಿಯಾಗಿ ತಯಾರಿಸಲಾಗದ ಟೊಮೆಟೊ ಗಿಡದ ಮೇಲೆ ನುಸಿ ಹೆಚ್ಚು ಮೊಟ್ಟೆಯಿಡುತ್ತದೆ ಎಂಬುದೇ ಇದಕ್ಕೆ ಸಾಕ್ಷಿ. ಇನ್ನೂ ಸೋಜಿಗದ ಸಂಗತಿಯನ್ನು 1980ರ ದಶಕದಲ್ಲಿ ನೆದರ್ಲೆಂಡ್ಸಿನ ಮಾರ್ಸೆಲ್ ಡಿಕೆ, ಮೌರಿಸ್ ಸಾಬೆಲಿಸ್ ತೋರಿಸಿಕೊಟ್ಟರು: ನುಸಿ ಹತ್ತಿದ ಗಿಡ ಹೊರಬಿಡುವ ವಾಸನೆಗೆ, ನುಸಿಯನ್ನೇ ತಿನ್ನುವ ಬೇಟೆನುಸಿಗಳು ಬರುತ್ತವೆ.

ಇಷ್ಟೆಲ್ಲ ಇದ್ದೂ ಗಿಡ ಒಣಗುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಕ್ಷಣೆಗೆ ಸುರಿದ ಶಕ್ತಿ ಬೆಳವಣಿಗೆಗೆ ಸಿಗದು; ಹಾಗಾಗಿ ಗಿಡ ಅದನ್ನು ಅಳೆದೇ ಖರ್ಚು ಮಾಡುತ್ತದೆ. ಎದುರಾಳಿಯೂ ಸಾಮಾನ್ಯವಲ್ಲ. 2011ರಲ್ಲಿ ಪ್ರಕಟವಾದ ಜೇಡನುಸಿಯ ಜೀನೋಮಿನಲ್ಲಿ ವಿಷ ಕರಗಿಸುವ ಜೀನುಗಳ ದಂಡೇ ಕಂಡಿತು. ಟೊಮೆಟೊಗೆ ಬರುವ ಇವಾನ್ಸಿ ಎಂಬ ನುಸಿಯಂತೂ ಗಿಡದ ರಕ್ಷಣೆಯನ್ನೇ ಅಡಗಿಸಿಬಿಡುತ್ತದೆ. ಆದರೆ ಇದರಿಂದ ಸಿದ್ಧವಾಗುವುದು ಗಿಡದ ಹೋರಾಟಕ್ಕೆ ಮಿತಿಯಿದೆ ಎಂಬುದಷ್ಟೇ. ಆ ಮಿತಿಯನ್ನು ಇನ್ನಷ್ಟು ಕುಗ್ಗಿಸುವವರು ನಾವು. ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ ಉಣಿಸಿದ ಹತ್ತಿ, ಮೆಕ್ಕೆಜೋಳ, ಟೊಮೆಟೊ ಗಿಡಗಳಲ್ಲಿ ರಕ್ಷಣೆಯ ಜೀನುಗಳ ನಡೆ ಬದಲಾಗಿ ನುಸಿ ಹೆಚ್ಚಿತೆಂದು 2013ರ ಅಧ್ಯಯನವೊಂದು ತೋರಿಸಿತು. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಈ ಗುಂಪಿನದೇ. ಬೇಟೆನುಸಿಗಳನ್ನೂ ಅನೇಕ ಔಷಧಿಗಳು ಕೊಲ್ಲುತ್ತವೆ. ಬೇರೊಂದು ಬಗೆಯ ನುಸಿ ಮತ್ತು ಥ್ರಿಪ್ಸ್ ಎಂಬ ಕಿರುಕೀಟಗಳಿಂದ ಎಲೆ ಮುದುಡುವ ಮುಟುರು ರೋಗ ಬಂದ ಬ್ಯಾಡಗಿಯ ಮೆಣಸಿನ ಬೆಳೆಗಾರನಿಗೆ ಸುಮ್ಮನೆ ಕಾಯಿರಿ ಎನ್ನಲಾಗದು, ನಿಜ. ಅವನ ವರ್ಷದ ಅನ್ನ ಅಲ್ಲಿದೆ. ಅವನಿಗೆ ಬೇಕಾದದ್ದು ಈ ಪೀಡೆಗಳನ್ನಷ್ಟೇ ತಾಗುವ ಔಷಧಿ, ಎದುರಿಸಬಲ್ಲ ತಳಿ. ಬಾಲ್ಕನಿಯವರಿಗೆ ಆ ತುರ್ತಿಲ್ಲ. ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹಾಯಿಸಿ, ತೀರಾ ಕೆಟ್ಟ ಎಲೆ ಕಿತ್ತುಹಾಕಿ, ಯೂರಿಯಾ ತಗ್ಗಿಸಿ. ಬಾಟಲಿಯನ್ನು ಕೊನೆಯ ದಾರಿಯಾಗಿಡಿ.