ವಾಹನ ತಡೆಯುವ ಕೈ ಯಾರದು?

ಮೋಟಾರು ವಾಹನ ಕಾಯ್ದೆ 1988ರ 130ನೇ ಕಲಮು ಚಿಕ್ಕದು. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕ ಲೈಸನ್ಸ್ ತೋರಿಸಬೇಕು ಎನ್ನುತ್ತದೆ ಅದು. ಹೆಜಮಾಡಿಯಿಂದ ಕಾಪು, ಕಟಪಾಡಿ ದಾಟಿ ಉಡುಪಿಗೆ ಬರುವ ಹೆದ್ದಾರಿಯಲ್ಲಾಗಲಿ, ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಾಗಲಿ, ಕಾರ್ಕಳ ಪೇಟೆಯಲ್ಲಾಗಲಿ ಪೊಲೀಸರು ಕೈ ಅಡ್ಡ ಹಿಡಿದರೆ ನಾವು ಗಾಡಿ ನಿಲ್ಲಿಸುತ್ತೇವೆ. ನಿಲ್ಲಿಸಲೇಬೇಕು. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಆ ಕಲಮಿನಲ್ಲಿರುವ 'ಸಮವಸ್ತ್ರ' ಎಂಬ ಪದವನ್ನು ನಮ್ಮ ಜಿಲ್ಲೆ ಮರೆತು ಬಹಳ ಕಾಲವಾಯಿತು. ತಕರಾರು ಅಲ್ಲಿದೆ.

2005ರ ಮಾರ್ಚ್‌ನಲ್ಲಿ ಆದಿಉಡುಪಿಯಲ್ಲಿ ಜಾನುವಾರು ಸಾಗಿಸುತ್ತಿದ್ದ ತಂದೆ ಮತ್ತು ಮಗನನ್ನು ತಡೆದು, ಬೆತ್ತಲೆ ಮಾಡಿ, ಜನರೆದುರೇ ಹೊಡೆದರು. ತಡೆದವರ ಮೈಮೇಲೆ ಖಾಕಿ ಇರಲಿಲ್ಲ. ಹದಿಮೂರು ವರ್ಷ ಕಳೆಯಿತು. 2018ರ ಮೇ 30ರಂದು ಪೆರ್ಡೂರಿನ ಬಳಿ ಅರುವತ್ತು ದಾಟಿದ ದನದ ವ್ಯಾಪಾರಿಯೊಬ್ಬರು ಶವವಾಗಿ ಸಿಕ್ಕರು. ಈ ಸಲ ಬಂಧಿತರಾದವರಲ್ಲಿ ಸಂಘಟನೆಯ ಕಾರ್ಯಕರ್ತರ ಜೊತೆಗೆ ಹಿರಿಯಡ್ಕ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸೇರಿದಂತೆ ಪೊಲೀಸರೂ ಇದ್ದರು. ಮೊದಲ ಪ್ರಕರಣದಲ್ಲಿ ಖಾಸಗಿ ಗುಂಪು ಪೊಲೀಸರ ಕೆಲಸವನ್ನು ಕಸಿದುಕೊಂಡಿತು. ಎರಡನೆಯದರಲ್ಲಿ ಪೊಲೀಸರೇ ಗುಂಪಿನ ಜೊತೆ ಸೇರಿಕೊಂಡರು ಎಂಬುದು ಆರೋಪ. ಯಾವುದು ಹೆಚ್ಚು ಭಯಾನಕ? ಓದುಗರೇ ಹೇಳಲಿ.

ಅಕ್ರಮ ಸಾಗಾಟ ನಡೆಯುವುದೇ ಇಲ್ಲವೇ ಎಂದು ಕೇಳುವವರಿದ್ದಾರೆ. ನಡೆಯುತ್ತದೆ, ದನಗಳ್ಳತನವೂ ನಡೆಯುತ್ತದೆ. ಕಳ್ಳನನ್ನು ಹಿಡಿಯಬೇಡಿ ಎಂದು ನಾವು ಎಂದೂ ಹೇಳಿಲ್ಲ. ಆದರೆ 2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾಯ್ದೆಯಂಥ ಕಠಿಣ ಕಾನೂನು ಕೂಡ ಶೋಧಿಸುವ, ಜಪ್ತಿ ಮಾಡುವ ಅಧಿಕಾರವನ್ನು ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನ ಪೊಲೀಸರಿಗೆ ಕೊಟ್ಟಿಲ್ಲ. ಪೇದೆಗೇ ಇಲ್ಲದ ಅಧಿಕಾರ ಬೈಕಿನಲ್ಲಿ ಹಿಂಬಾಲಿಸಿ ಬರುವ ಹುಡುಗರಿಗೆ ಎಲ್ಲಿಂದ ಬಂತು?

ಸಮವಸ್ತ್ರ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದೂ ಅಲ್ಲ. ಕಾರ್ಕಳದಿಂದ ಘಟ್ಟ ಹತ್ತಿ ಶೃಂಗೇರಿಗೆ ಹೋಗುವ ದಾರಿಯಲ್ಲಿ ತನಿಕೋಡು ಚೆಕ್‌ಪೋಸ್ಟ್ ಇದೆ. 2014ರ ಏಪ್ರಿಲ್‌ನಲ್ಲಿ ಅಲ್ಲಿ ಜಾನುವಾರು ವಾಹನದಲ್ಲಿದ್ದ ನಿರಾಯುಧ ಯುವಕ ನಕ್ಸಲ್ ನಿಗ್ರಹ ದಳದ ಗುಂಡಿಗೆ ಬಲಿಯಾದ. ಅದೇ ದಳದಿಂದ 248 ಮಂದಿಯನ್ನು ತೆಗೆದು 2025ರ ಜೂನ್‌ನಲ್ಲಿ ಸರಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಕಟ್ಟಿತು. ಸ್ವಾಗತ. ಆದರೆ ಕಾಡಿನಲ್ಲಿ ಕೋವಿ ಹಿಡಿದು ಕೂಂಬಿಂಗ್ ಮಾಡಿದವರಿಗೆ ಪೇಟೆಯ ಗಸ್ತನ್ನು ಹೊಸದಾಗಿಯೇ ಕಲಿಸಬೇಕಾಗುತ್ತದೆ.

ಇದು ಬರೀ ಮುಸ್ಲಿಮರ ಗೋಳು ಎಂದುಕೊಂಡು ಪುಟ ಮಗುಚುವವರು ಸ್ವಲ್ಪ ನಿಲ್ಲಲಿ. 2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಕೊರಗರ ಕಾಲನಿಯಲ್ಲಿ ಮದುವೆಯ ಮೆಹಂದಿ ನಡೆದಿತ್ತು. ಡಿಜೆ ಸದ್ದಿನ ದೂರಿನ ಮೇಲೆ ಬಂದ ಪೊಲೀಸರು ಲಾಠಿ ಬೀಸಿದರು, ಮದುಮಗನನ್ನೂ ಬಿಡಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಅಮಾನತಾದರು ನಿಜ. ಆದರೆ ಪೆಟ್ಟು ತಿಂದ ಕೊರಗರ ಮೇಲೆಯೇ ಪೊಲೀಸರಿಗೆ ಅಡ್ಡಿಪಡಿಸಿದ ಕೇಸೂ ಬಿತ್ತು! 2024ರ ನವೆಂಬರ್‌ನಲ್ಲಿ ಬ್ರಹ್ಮಾವರ ಠಾಣೆಯ ಲಾಕಪ್ಪಿನಲ್ಲಿದ್ದ ಕೇರಳದ ಕೂಲಿ ಕಾರ್ಮಿಕನೊಬ್ಬ ಸತ್ತ. ಕೊರಗರಿಗೂ ಈ ಕಾರ್ಮಿಕನಿಗೂ ಇದ್ದ ಸಮಾನ ಅಂಶ ಧರ್ಮವಲ್ಲ. ಠಾಣೆಗೆ ಫೋನ್ ಮಾಡಿ ಮಾತಾಡಬಲ್ಲ ದೊಡ್ಡವರು ಅವರ ಕಡೆಗೆ ಇರಲಿಲ್ಲ, ಅಷ್ಟೆ.

ಈ ಫೋನಿನ ವಿಷಯವನ್ನು ನಮ್ಮವರಿಗೂ ಹೇಳಬೇಕಾಗಿದೆ. ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋದರೆ ನಾವು ಮೊದಲು ಹುಡುಕುವುದು ವಕೀಲರನ್ನಲ್ಲ, ಮುಖಂಡರನ್ನು. ಮುಖಂಡರು ಫೋನ್ ಮಾಡುತ್ತಾರೆ, ಹುಡುಗ ರಾತ್ರಿ ಮನೆಗೆ ಬರುತ್ತಾನೆ, ಎಲ್ಲರಿಗೂ ಸಮಾಧಾನ. ಯಾಕೆ ಕರೆದೊಯ್ದರು, ಎಷ್ಟು ಹೊತ್ತು ಕೂರಿಸಿದರು, ಎಲ್ಲಿ ಸಹಿ ಹಾಕಿಸಿದರು ಎಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಮುಂದಿನ ಸಲ ಫೋನ್ ಇಲ್ಲದ ಬಡವನ ಮಗನ ಸರದಿ ಬಂದಾಗಲೂ ಚೀಟಿ ಇರುವುದಿಲ್ಲ. ಹೆಲ್ಮೆಟ್ ಇಲ್ಲದೆ ಮೂವರು ಕೂತು ಹೋಗಿ, ದಂಡ ಹಾಕಿದಾಗ 'ಹೆಸರು ನೋಡಿ ಹಿಡಿದರು' ಎಂದು ಗಲಾಟೆ ಮಾಡುವ ಹುಡುಗರೂ ಇದ್ದಾರೆ. ನಿಜವಾಗಿ ಹೆಸರು ನೋಡಿ ಹಿಡಿಯಲ್ಪಟ್ಟವನ ಮಾತನ್ನು ಯಾರೂ ನಂಬದಂತೆ ಮಾಡುವವರು ಇವರೇ.

ಚೀಟಿ ಕೇಳುವ ಹಕ್ಕು ಹೊಸದೇನಲ್ಲ. ಪಶ್ಚಿಮ ಬಂಗಾಳದ ಡಿ.ಕೆ. ಬಸು ಲಾಕಪ್ ಸಾವುಗಳ ಬಗ್ಗೆ ಬರೆದ ಒಂದು ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು: ದಸ್ತಗಿರಿ ಮಾಡುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು, ದಸ್ತಗಿರಿ ಪತ್ರ ಬರೆದು ಮನೆಯವರ ಅಥವಾ ಊರಿನ ಗೌರವಸ್ಥರ ಸಹಿ ಪಡೆಯಬೇಕು, ಸಂಬಂಧಿಕರಿಗೆ ತಿಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇವೆಲ್ಲ ಇವೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಎತ್ತಿಕೊಂಡು ಹೋಗುವಂತಿಲ್ಲ. ಬಂಧನ ಏಕೆ ಅಗತ್ಯವೆಂದು ಕಾರಣ ಬರೆಯಬೇಕು, ಅಗತ್ಯವಿಲ್ಲದಿದ್ದರೆ ನೋಟಿಸು ಕೊಟ್ಟು ಕರೆಯಬೇಕು. ಮನೆ ಶೋಧಿಸಿ ಮಹಜರು ಬರೆಯುವಾಗ ವಿಡಿಯೊ ಚಿತ್ರೀಕರಣ ಕಡ್ಡಾಯ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಯಾವುದೇ ಅಪರಾಧವಿರಲಿ, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದಿತು.

ರಸ್ತೆಯ ಮೇಲಿನ ಮಾತೂ ಇಷ್ಟೇ. ಗಾಡಿಯ ಕೀ ಕಿತ್ತುಕೊಳ್ಳಿ ಎಂದು ಮೋಟಾರು ವಾಹನ ಕಾಯ್ದೆ ಎಲ್ಲಿಯೂ ಹೇಳಿಲ್ಲ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ವಾಹನ ತಡೆಯಬೇಡಿ ಎಂದು 2022ರಲ್ಲಿ ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಬೆಂಗಳೂರಿನ ಪೊಲೀಸರಿಗೆ ಹೇಳಿದ್ದರು. ಆ ಮಾತಿಗೆ ಎಷ್ಟು ಬೆಲೆ ಬಂತು? 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ ಪುಟ್ಟ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಬೈಕನ್ನು ಹೆಲ್ಮೆಟ್ ತಪಾಸಣೆಗೆಂದು ತಡೆದಾಗ ಮಗು ರಸ್ತೆಗೆ ಬಿದ್ದು ಸತ್ತಿತು. ಸುತ್ತೋಲೆ ಮತ್ತೆ ಬಂತು, ಮಗುವಿನ ಜೀವ ಹೋದ ಮೇಲೆ.

ಗಸ್ತು ಬೇಡ ಎನ್ನುವವರು ನಾವಲ್ಲ. 2013ರ ಜೂನ್‌ನಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ರಾತ್ರಿ ಗಸ್ತು ಹೆಚ್ಚಿಸಿ ಎಂದು ಬೀದಿಗಿಳಿದವರಲ್ಲಿ ಎಲ್ಲರೂ ಇದ್ದರು. 2017ರ ಸುಧಾರಿತ ಬೀಟ್ ವ್ಯವಸ್ಥೆ, 2025ರ 'ಮನೆ ಮನೆಗೆ ಪೊಲೀಸ್' ಇವೆರಡೂ ಒಳ್ಳೆಯ ಯೋಚನೆಗಳೇ. ಬೀಟ್ ಪೊಲೀಸ್ ಮನೆಗೆ ಬಂದರೆ ಚಹಾ ಕೊಡೋಣ. ಆದರೆ ಅವರ ಪುಸ್ತಕದಲ್ಲಿ ನಮ್ಮ ಮನೆಯ ಬಗ್ಗೆ ಏನು ಬರೆದುಕೊಂಡರು ಎಂದು ಕೇಳುವ ಹಕ್ಕೂ ನಮಗಿರಲಿ.

ಸದ್ಯಕ್ಕೆ ಒಂದು ಸಣ್ಣ ಕೆಲಸ ಮಾಡಬಹುದು. ಬಂಧಿತರ ಹೆಸರು, ವಿಳಾಸ ಮತ್ತು ಆರೋಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಅದಕ್ಕೆ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಹೊಣೆಯಾಗಿರಬೇಕು ಎನ್ನುತ್ತದೆ ಹೊಸ ಸಂಹಿತೆಯ 37ನೇ ಕಲಮು. ಕಾಪು, ಕಾರ್ಕಳ, ಮಣಿಪಾಲ, ಉಡುಪಿ ನಗರ ಠಾಣೆಗಳಿಗೆ ಜಮಾಅತಿನವರು, ದಲಿತ ಸಂಘಟನೆಯವರು, ಕೊರಗ ಸಂಘದವರು ಒಟ್ಟಾಗಿ ಹೋಗಿ ಆ ಫಲಕ ಎಲ್ಲಿದೆ, ಹೊಣೆಯ ಅಧಿಕಾರಿ ಯಾರು ಎಂದು ಬರಹದಲ್ಲಿ ಕೇಳಲಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದುಕೊಂಡೇ ಹೊರಗೆ ಬರಲಿ.