‘ಪ್ಯಾಕೇಜ್ ಎಷ್ಟು?’ ಎನ್ನುವ ಮುನ್ನ

ನಾನು ಕೆಮಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: ‘ಕೊನೆಗೆ ಸಾಫ್ಟ್‌ವೇರ್‌ಗೇ ತಾನೆ ಹೋಗೋದು?’ ಸಂಶೋಧನೆ ಮಾಡುವಾಸೆ ಎಂದರೆ ಮಾವ ನಗುತ್ತಾರೆ, ‘ದುಡಿಯೋದು ಯಾವಾಗಪ್ಪಾ?’ ಅವರದೂ ತಪ್ಪಲ್ಲ. ನನ್ನ ಓದಿನ ಸಾಲ ಇನ್ನೂ ತೀರಿಲ್ಲ.

ಈ ಗೊಂದಲದಲ್ಲಿದ್ದಾಗ ಮದ್ರಾಸ್ ಐಐಟಿಯ ರಸಾಯನ ವಿಜ್ಞಾನಿ ಟಿ. ಪ್ರದೀಪ್ ಅವರ ಬಗ್ಗೆ ಓದಿದೆ. ಕೇರಳದ ಹಳ್ಳಿಯೊಂದರ ಶಿಕ್ಷಕ ದಂಪತಿಯ ಮಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಿ, ಅಮೆರಿಕದಲ್ಲಿ ಕೆಲಕಾಲ ಸಂಶೋಧನೆ ನಡೆಸಿ, 1993ರಲ್ಲಿ ಐಐಟಿ ಸೇರಿದರು. ಬೆಳ್ಳಿ, ಚಿನ್ನದ ನ್ಯಾನೊ ಕಣಗಳು ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ರಾಸಾಯನಿಕವನ್ನು ಒಡೆಯುತ್ತವೆ ಎಂದು 2003ರಲ್ಲಿ ಅವರ ತಂಡ ತೋರಿಸಿತು. ಆಗ ಅದು ಬರೀ ಪ್ರಯೋಗಾಲಯದ ಕುತೂಹಲ. ಮುಂದೆ ಅದೇ ದಾರಿಯಲ್ಲಿ, ನೀರಿನಿಂದ ಕೀಟನಾಶಕ ತೆಗೆಯುವ ಫಿಲ್ಟರ್ 2007ರಲ್ಲಿ ಮಾರುಕಟ್ಟೆಗೆ ಬಂತು.

ಆಮೇಲೆ ಆರ್ಸೆನಿಕ್. ಬಣ್ಣವಿಲ್ಲ, ರುಚಿಯಿಲ್ಲ, ಲೀಟರ್ ನೀರಿನಲ್ಲಿ 10 ಮೈಕ್ರೊಗ್ರಾಂ ಮೀರಿದರೆ ಅಪಾಯ. ಬೆಲ್ಲದ ಅಚ್ಚಿಗಿಂತ ಪುಡಿ ಬೇಗ ಕರಗುತ್ತದೆ, ಏಕೆಂದರೆ ನೀರು ತಾಗುವ ಮೈ ಹೆಚ್ಚು. ಕಬ್ಬಿಣದ ಸಂಯುಕ್ತವನ್ನು ನ್ಯಾನೊ ಗಾತ್ರಕ್ಕಿಳಿಸಿದರೂ ಹಾಗೆಯೇ: ಆರ್ಸೆನಿಕ್ ಅಂಟಿಕೊಳ್ಳಲು ಜಾಗ ಹೆಚ್ಚುತ್ತದೆ. ಆ ಕಣಗಳು ನೀರಿನೊಂದಿಗೆ ಹರಿದುಹೋಗದಂತೆ ಸಿಗಡಿ, ಏಡಿಯ ಚಿಪ್ಪಿನಿಂದ ಸಿಗುವ ಕೈಟೋಸಾನ್‌ನಲ್ಲಿ ಹಿಡಿದಿಟ್ಟರು. ‘ಅಮೃತ್’ ಹೆಸರಿನ ಈ ತಂತ್ರಜ್ಞಾನ ಪಶ್ಚಿಮ ಬಂಗಾಳದ ಹಳ್ಳಿಗಳನ್ನು ತಲುಪಿದೆ. ಅದು ನಡೆಯಲು ಕರೆಂಟೂ ಬೇಕಿಲ್ಲ. 2020ರಲ್ಲಿ ಪ್ರದೀಪ್ ಅವರಿಗೆ ಪದ್ಮಶ್ರೀ ಬಂತು.

ನನಗೆ ನಾಟಿದ್ದು ಪ್ರಶಸ್ತಿಯಲ್ಲ, ನಡುವಿನ ವರ್ಷಗಳು. ಐಐಟಿ ಸೇರಿ ಮೊದಲ ಫಿಲ್ಟರ್ ಬರುವವರೆಗೆ 14 ವರ್ಷ! ನಾವು 14 ತಿಂಗಳಲ್ಲಿ ಮೂರು ಕಂಪನಿ ಬದಲಿಸುವ ಲೆಕ್ಕ ಹಾಕುತ್ತೇವೆ.

ಕೋಲಾರ ಜಿಲ್ಲೆಯ ನಮ್ಮೂರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಅಮ್ಮ ದಿನಾ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುತ್ತಾರೆ. ಘಟಕ ಕೆಟ್ಟ ದಿನ ಮತ್ತೆ ಅದೇ ಕೊಳವೆಬಾವಿ. ಆ ಕ್ಯಾನ್ ನೋಡಿದಾಗಲೆಲ್ಲ ನನ್ನ ಪಠ್ಯಪುಸ್ತಕದ ‘ಅಧಿಶೋಷಣೆ’ ಪಾಠ ನೆನಪಾಗುತ್ತದೆ. ಅದು ಪರೀಕ್ಷೆಯ ಹತ್ತು ಅಂಕಕ್ಕಷ್ಟೇ ಇರುವುದಲ್ಲ.

ಎಲ್ಲರೂ ಸಂಶೋಧಕರಾಗಬೇಕು ಎನ್ನುತ್ತಿಲ್ಲ. ಮನೆಯ ಕಷ್ಟ ಎಲ್ಲರಿಗೂ ಒಂದೇ ತೆರನಲ್ಲ. ಆದರೆ ಕಲಿತದ್ದು ಯಾವ ಊರಿನ ಯಾವ ತೊಂದರೆಗೆ ಬೇಕಾಗಬಹುದು ಎಂದು ಒಮ್ಮೆ ಕೇಳಿಕೊಳ್ಳೋಣ. ನಾನಂತೂ ಈ ಸಲ ಕೋಡಿಂಗ್ ಕ್ಲಾಸ್ ಜೊತೆಗೇ ಗೇಟ್ ಪರೀಕ್ಷೆಗೂ ಓದಲು ಕೂತಿದ್ದೇನೆ. ಮಾವನಿಗೆ ಇನ್ನೂ ಹೇಳಿಲ್ಲ.